ಪಂಪಿಗೆ ಕುಂಕುಮ ಇದೆ, ಕರೆಂಟಿಲ್ಲ: ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಸಮುದಾಯ ಕಾಲೇಜೊಂದರ ಪ್ರೋಸೆಸ್ ಟೆಕ್ನಾಲಜಿ (ರಿಫೈನರಿ, ರಾಸಾಯನಿಕ ಪ್ಲಾಂಟುಗಳನ್ನು ನಡೆಸುವ ವಿದ್ಯೆ) ಡಿಪ್ಲೊಮಾದ ಬಗ್ಗೆ ಬರೆಯುತ್ತಿದ್ದೇವೆ. ಕಾಲೇಜಿನ ಹೆಸರು ಬೇಡ. ಹೆಸರು ಹೇಳಿದರೆ ಪ್ರಾಂಶುಪಾಲರಿಗೆ ನೋಟಿಸ್ ಹೋಗುತ್ತದೆ, ಪಂಪು ಇದ್ದಲ್ಲೇ ಇರುತ್ತದೆ.

ಪಂಪಿನ ವಿಷಯಕ್ಕೇ ಬರೋಣ. ಮೂರು ವರ್ಷದ ಹಿಂದೆ ಬಂದ ಸೆಂಟ್ರಿಫ್ಯೂಗಲ್ ಪಂಪು (ಒಳಗಿನ ಚಕ್ರ ತಿರುಗಿ ನೀರನ್ನು ಹೊರಕ್ಕೆ ಎಸೆಯುವಂಥದ್ದು) ಪ್ರಯೋಗಾಲಯದ ಮೂಲೆಯಲ್ಲಿದೆ. ಸಾಗಣೆಗೆಂದು ನೀರು ಒಳಬರುವ ಸಕ್ಷನ್, ಹೊರಹೋಗುವ ಡಿಸ್ಚಾರ್ಜ್ ಬಾಯಿಗಳಿಗೆ ಹಾಕಿದ್ದ ಪ್ಲಾಸ್ಟಿಕ್ ಮುಚ್ಚಳ ಇನ್ನೂ ತೆಗೆದಿಲ್ಲ. ಪಾಯದ ಅಂದಾಜುಪಟ್ಟಿ ಒಂದು ಕಚೇರಿಯಲ್ಲಿದೆ, ತ್ರೀ ಫೇಸ್ ಲೈನಿನ ಅರ್ಜಿ ಇನ್ನೊಂದರಲ್ಲಿ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಅರಿಶಿನ, ಕುಂಕುಮ, ಚೆಂಡುಹೂವು ತಪ್ಪಿಲ್ಲ. ನಿಂತ ಪಂಪಿನ ಶಾಫ್ಟನ್ನು ವಾರಕ್ಕೊಮ್ಮೆ ಕೈಯಿಂದ ಒಂದೂಕಾಲು ಸುತ್ತು ತಿರುಗಿಸಿಡಬೇಕು. ಇಲ್ಲದಿದ್ದರೆ ಭಾರವೆಲ್ಲ ಒಂದೇ ಕಡೆ ಕೂತು ಬೇರಿಂಗಿನಲ್ಲಿ ಗುರುತು ಬೀಳುತ್ತದೆ, ಶಾಫ್ಟಿನ ಸುತ್ತ ನೀರು ಸೋರದಂತೆ ತಡೆಯುವ ಮೆಕ್ಯಾನಿಕಲ್ ಸೀಲಿನ ಮುಖಗಳು ಅಂಟಿಕೊಳ್ಳುತ್ತವೆ. ಇದನ್ನು ಯಾರೂ ತಿರುಗಿಸಿಲ್ಲ. ಈಗ ಕೈಗೆ ಬಗ್ಗುವುದೂ ಇಲ್ಲ.

ಕಳೆದ ಪ್ರಾಯೋಗಿಕ ಪರೀಕ್ಷೆಯ ಪ್ರಶ್ನೆ: ‘ಸೆಂಟ್ರಿಫ್ಯೂಗಲ್ ಪಂಪನ್ನು ಚಾಲನೆ ಮಾಡಿ ತೋರಿಸಿ.’ ಹುಡುಗರು ತೋರಿಸಿದರು. ಗೋಡೆಗೆ ಕಟ್ಟಿದ ಫ್ಲೆಕ್ಸಿನಲ್ಲಿ ಪಂಪಿನ ಚಿತ್ರವಿತ್ತು. ಅದರ ಮೇಲೆ ಬೆರಳಿಟ್ಟು ‘ಇದನ್ನು ತೆರೆಯುತ್ತೇನೆ, ಇದನ್ನು ಮುಚ್ಚುತ್ತೇನೆ’ ಎಂದರು. ಪೂರ್ತಿ ಅಂಕ ಬಂತು. ಫ್ಲೆಕ್ಸು ಗಾಳಿ ಹಿಡಿಯುವುದಿಲ್ಲವಲ್ಲ, ಶುರುಮಾಡುವ ಮೊದಲು ನೀರು ತುಂಬಿ ಗಾಳಿ ಹೊರಡಿಸುವ, ಅಂದರೆ ಪ್ರೈಮಿಂಗ್ ಮಾಡುವ ತೊಂದರೆಯೂ ಇಲ್ಲ.

ನಿಯಮ ನಿಮಗೆ ಗೊತ್ತಿಲ್ಲದ್ದೇನಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) 2015ರ ಚೌಕಟ್ಟಿನಂತೆ ಒಂದು ವರ್ಷದ ಡಿಪ್ಲೊಮಾದ 60 ಕ್ರೆಡಿಟ್ಟುಗಳಲ್ಲಿ 36 ಕೌಶಲ್ಯಕ್ಕೆ. ಆ 36ರಲ್ಲಿ ಎಷ್ಟು ಫ್ಲೆಕ್ಸಿಗೆ ಸಲ್ಲುತ್ತದೆ ಎಂದು ತಿಳಿಸಿದರೆ ಉಪಕಾರ.

ನಾವು ಕೇಳುವುದು ರಿಫೈನರಿಯಲ್ಲ. ನೀರು ಹರಿಯುವ ಒಂದು ಲೂಪ್. ಐನೂರು ಲೀಟರಿನ ಟ್ಯಾಂಕು, ಮೇಲೊಂದು ಚಿಕ್ಕ ಟ್ಯಾಂಕು, ಒಂದು ಎಚ್‌ಪಿ ಪಂಪು, ಎರಡೂ ಬದಿಗೆ ಪ್ರೆಷರ್ ಗೇಜು, ಹರಿವು ಅಳೆಯಲು ಒಂದು ರೋಟಾಮೀಟರ್, ಟ್ಯಾಂಕಿನ ಮಟ್ಟವನ್ನು ಪರದೆಗೆ ಕಳಿಸಲು ಒಂದು ಲೆವೆಲ್ ಟ್ರಾನ್ಸ್‌ಮಿಟರ್, ಒಂದು ಕಂಟ್ರೋಲ್ ವಾಲ್ವು, ಅದಕ್ಕೆ ಗಾಳಿ ಕೊಡಲು ಸಣ್ಣ ಕಂಪ್ರೆಸರ್. ಅಷ್ಟೇ.

ಇಷ್ಟರಲ್ಲಿ ಏನು ಕಲಿಯಬಹುದು ಎಂದು ಕೇಳಿದ ಅಧಿಕಾರಿಗಳಿದ್ದಾರೆ. ಹೇಳುತ್ತೇವೆ. ಸೆಂಟ್ರಿಫ್ಯೂಗಲ್ ಪಂಪನ್ನು ಡಿಸ್ಚಾರ್ಜ್ ವಾಲ್ವು ಮುಚ್ಚಿಟ್ಟು ಶುರುಮಾಡುತ್ತಾರೆ, ಮೋಟಾರು ಕಡಿಮೆ ಕರೆಂಟು ಎಳೆಯಲಿ ಎಂದು. ಕೂಡಲೇ ನಿಧಾನವಾಗಿ ತೆರೆಯುತ್ತಾರೆ, ಇಲ್ಲವಾದರೆ ಒಳಗಿನ ನೀರು ಕಾದು ಬಿಸಿಯಾಗುತ್ತದೆ. ಇದೇ ಅಭ್ಯಾಸದಲ್ಲಿ ಗೇರ್ ಪಂಪಿನ (ಹಲ್ಲುಚಕ್ರಗಳ ನಡುವೆ ದ್ರವವನ್ನು ಹಿಡಿದು ತಳ್ಳುವ ಪಂಪು) ಡಿಸ್ಚಾರ್ಜ್ ಮುಚ್ಚಿ ಸ್ವಿಚ್ ಹಾಕಿದರೆ ಒತ್ತಡ ಏರಿ ರಿಲೀಫ್ ವಾಲ್ವು ತೆರೆದುಕೊಳ್ಳುತ್ತದೆ, ಅದು ಕೆಟ್ಟಿದ್ದರೆ ಪೈಪು ಸೀಳುತ್ತದೆ. ಸಕ್ಷನ್ ವಾಲ್ವನ್ನು ಸ್ವಲ್ಪ ಸ್ವಲ್ಪವೇ ಮುಚ್ಚುತ್ತ ಬಂದರೆ ಒಂದು ಹಂತದಲ್ಲಿ ಪಂಪಿನೊಳಗೆ ಜಲ್ಲಿಕಲ್ಲು ಹಾಕಿದಂಥ ಸದ್ದು ಏಳುತ್ತದೆ, ಗೇಜಿನ ಮುಳ್ಳು ನಡುಗುತ್ತದೆ. ಒತ್ತಡ ಇಳಿದು ನೀರಿನಲ್ಲಿ ಆವಿಯ ಗುಳ್ಳೆಗಳೆದ್ದು ಒಡೆಯುವ ಕ್ಯಾವಿಟೇಶನ್ ಅಂದರೆ ಅದು. ಅದನ್ನು ಒಮ್ಮೆ ಕಿವಿಯಾರೆ ಕೇಳಿದವನಿಗೆ ವ್ಯಾಖ್ಯೆ ಬಾಯಿಪಾಠ ಮಾಡಿಸಬೇಕಿಲ್ಲ. ಅದಕ್ಕೇ ಕೇಳುತ್ತಿರುವುದು: ನೀರು ಹರಿಯುವ ಒಂದು ಲೂಪ್.

ಇನ್ನು ಮನಶ್ಶಾಸ್ತ್ರದ ಪತ್ರಿಕೆ. ಇದೇ ಕೋರ್ಸಿನಲ್ಲಿ ಅದೂ ಇದೆ, ಇರಲೇಬೇಕು. ಆದರೆ ನಡೆಯುತ್ತಿರುವುದು ಫ್ರಾಯ್ಡ್ ಬಗ್ಗೆ ಐದು ಅಂಕದ ಟಿಪ್ಪಣಿ, ಮನುಷ್ಯನ ಅಗತ್ಯಗಳನ್ನು ಮೆಟ್ಟಿಲಾಗಿ ತೋರಿಸುವ ಮಾಸ್ಲೋನ ತ್ರಿಕೋನ ಬರೆದು ಬಣ್ಣ ತುಂಬುವುದು. ಬೈಕಂಪಾಡಿಯ ಇಲ್ಲವೇ ಕಡೇಚೂರಿನ ಕೈಗಾರಿಕಾ ಪ್ರದೇಶಕ್ಕೆ ಕೆಲಸಕ್ಕೆ ಹೋಗುವ ಹುಡುಗ ರಾತ್ರಿ ಪಾಳಿಯಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಕಂಟ್ರೋಲ್ ರೂಮಿನ ಪರದೆಯ ಮುಂದೆ ಕೂತಾಗ ಆ ತ್ರಿಕೋನ ಯಾವ ಉಪಯೋಗಕ್ಕೆ?

ಉಪಯೋಗಕ್ಕೆ ಬರುವ ಪಾಠ ಅಮೆರಿಕದ ಟೆಕ್ಸಾಸ್ ಸಿಟಿಯದು. 2005ರ ಮಾರ್ಚ್ 23ರಂದು ಅಲ್ಲಿನ ಬಿಪಿ ರಿಫೈನರಿಯಲ್ಲಿ ಘಟಕವೊಂದನ್ನು ಮತ್ತೆ ಶುರುಮಾಡುವಾಗ ಸ್ಫೋಟವಾಗಿ 15 ಜನ ಸತ್ತರು, 180 ಮಂದಿ ಗಾಯಗೊಂಡರು. ಸುಮಾರು 170 ಅಡಿಯ ಟವರಿಗೆ ಗಂಟೆಗಟ್ಟಲೆ ದ್ರವ ತುಂಬುತ್ತಿತ್ತು, ಹೊರಹೋಗುವ ವಾಲ್ವು ಮುಚ್ಚಿತ್ತು. ಒಳಗೆ 158 ಅಡಿ ಏರಿದ್ದಾಗ ತಳದ ಮಟ್ಟವನ್ನಷ್ಟೇ ಅಳೆಯುವ ಟ್ರಾನ್ಸ್‌ಮಿಟರ್ ತೋರಿಸುತ್ತಿದ್ದುದು ತನ್ನ ಅಳತೆಯ 78 ಶೇಕಡಾ, ಅದೂ ಇಳಿಯುತ್ತಿರುವಂತೆ. ಒಳಬರುವ ಲೆಕ್ಕ ಒಂದು ಪರದೆಯಲ್ಲಿ, ಹೊರಹೋಗುವ ಲೆಕ್ಕ ಇನ್ನೊಂದರಲ್ಲಿ. ಕೂಡಿ ಕಳೆಯುವುದಕ್ಕೆ ಆಪರೇಟರಿನ ತಲೆಯೊಂದೇ. ಆ ತಲೆಯೋ, ದಿನಕ್ಕೆ 12 ಗಂಟೆಯಂತೆ ರಜೆಯಿಲ್ಲದೆ 29 ದಿನ ದುಡಿದಿತ್ತು. ರಾತ್ರಿ ಪಾಳಿಯವರು ಲಾಗ್ ಬುಕ್ಕಿನಲ್ಲಿ ಬಿಟ್ಟುಹೋಗಿದ್ದು ಒಂದೇ ಸಾಲು. ಇದರಲ್ಲಿ ಎಲ್ಲಿಯವರೆಗೆ ಪ್ರೋಸೆಸ್, ಎಲ್ಲಿಂದ ಮನಶ್ಶಾಸ್ತ್ರ ಎಂದು ನಿಮ್ಮ ಪಠ್ಯಕ್ರಮ ಸಮಿತಿಯವರು ಗೆರೆ ಹಾಕಿ ತೋರಿಸಲಿ.

ನಾವು ಕೇಳುವ ಲೂಪಿನಲ್ಲಿ ಅದನ್ನೂ ಕಲಿಸಬಹುದು. ದ್ರವದ ಒತ್ತಡದಿಂದ ಮಟ್ಟ ಲೆಕ್ಕ ಹಾಕುವ ಲೆವೆಲ್ ಟ್ರಾನ್ಸ್‌ಮಿಟರನ್ನು ಬೇಕೆಂದೇ 1.2 ಸಾಂದ್ರತೆಯ ಉಪ್ಪುನೀರಿಗೆ ಹೊಂದಿಸಿ, ಟ್ಯಾಂಕಿಗೆ ಸಾದಾ ನೀರು ತುಂಬಿ. ಟ್ಯಾಂಕು ತುಳುಕುವ ಹೊತ್ತಿಗೂ ಪರದೆಯಲ್ಲಿ 83 ಶೇಕಡಾ ಇರುತ್ತದೆ. ಪರದೆಯ ಮುಂದೆ ಕೂತವನು ‘ಇನ್ನೂ ಜಾಗ ಇದೆ ಸಾರ್’ ಎನ್ನುತ್ತಾನೆ, ಟ್ಯಾಂಕಿನ ಪಕ್ಕ ನಿಂತವನ ಕಾಲು ಒದ್ದೆಯಾಗುತ್ತದೆ. ಕಣ್ಣೆದುರಿನ ಅಂಕಿಯನ್ನು ಮನಸ್ಸು ಹೇಗೆ ನಂಬಿಬಿಡುತ್ತದೆ ಎಂಬುದು ಆಗ ತಿಳಿಯುತ್ತದೆ. ಹಾಗೆಯೇ ಹತ್ತು ನಿಮಿಷಕ್ಕೆ ಹತ್ತಕ್ಕಿಂತ ಹೆಚ್ಚು ಅಲಾರಂ ಬಡಿಸಿ ನೋಡಿ. ಹುಡುಗರು ಓದದೆಯೇ ಅಕ್ನಾಲೆಜ್ ಬಟನ್ ಒತ್ತತೊಡಗುತ್ತಾರೆ. ಪಾಳಿ ಬದಲಾವಣೆಯನ್ನೂ ಮಾಡಿಸಿ: ಯಾವ ವಾಲ್ವು ಯಾವ ಸ್ಥಿತಿಯಲ್ಲಿದೆ, ಯಾವ ಅಲಾರಂ ಬೈಪಾಸ್ ಆಗಿದೆ, ಅರ್ಧಕ್ಕೆ ನಿಂತ ಕೆಲಸ ಯಾವುದು, ಎಲ್ಲವನ್ನೂ ಬರೆದು, ಬಂದವನಿಗೆ ಮುಖಾಮುಖಿ ಹೇಳಿ, ಅವನ ಬಾಯಿಂದ ವಾಪಸ್ ಹೇಳಿಸಿ, ಆಮೇಲೆ ಸಹಿ. ಇದಕ್ಕೆಲ್ಲ ಬೇಕಾದ ಸಲಕರಣೆ ಅದೇ, ನೀರು ಹರಿಯುವ ಒಂದು ಲೂಪ್.

ಹೇಳಿ ಹೇಳಿ ನಮಗೂ ಬೇಜಾರಾಗಿದೆ, ಸ್ವಾಮಿ. ಮನವಿ ಕೊಟ್ಟಾಗಲೆಲ್ಲ ‘ಸ್ಮಾರ್ಟ್ ಬೋರ್ಡ್ ಕೊಟ್ಟಿದ್ದೇವಲ್ಲ’ ಎಂಬ ಉತ್ತರ ಬರುತ್ತದೆ. ಪಂಪಿನ ಶಾಫ್ಟಿನ ಗ್ಲ್ಯಾಂಡಿನಿಂದ ಸೋರುವಂತೆ ಸ್ಮಾರ್ಟ್ ಬೋರ್ಡಿನಿಂದ ನೀರು ಸೋರುವುದಿಲ್ಲ, ಅದರ ಮೇಲೆ ಸ್ಪ್ಯಾನರ್ ಹಿಡಿಯಲಾಗುವುದಿಲ್ಲ. ತ್ರೀ ಫೇಸ್ ಲೈನು ಕೊಡಿ, ಪಾಯ ಹಾಕಿಸಿ, ಪಂಪಿಗೆ ಹೊಸ ಸೀಲು, ಬೇರಿಂಗು ಹಾಕಿಸಿ, ಟ್ಯಾಂಕಿಗೆ ನೀರು ಬಿಡಿ. ಪ್ಲಾಂಟಿನಲ್ಲಿ ಪಾಳಿ ಮಾಡಿ ನಿವೃತ್ತರಾದವರೊಬ್ಬರನ್ನು ವಾರಕ್ಕೆರಡು ದಿನ ಪಾಠಕ್ಕೆ ಕರೆಸಿ. ಎರಡೂ ಪತ್ರಿಕೆಗಳನ್ನು ಅವರು ಆ ಲೂಪಿನ ಪಕ್ಕ ನಿಂತೇ ಮುಗಿಸುತ್ತಾರೆ.

ಗಡುವು ಹಾಕುವ ಅಧಿಕಾರ ನಮಗಿಲ್ಲ. ಆದರೂ ಮುಂದಿನ ಆಯುಧಪೂಜೆಯ ದಿನ ಆ ಪಂಪಿಗೆ ಕುಂಕುಮ ಹಚ್ಚಲು ಹೋದವರು, ಮೊದಲು ಅದರ ಸ್ವಿಚ್ ಆಫ್ ಮಾಡಬೇಕಾಗಿ ಬರಲಿ.

ಇಂತಿ,
ಪ್ಲಾಂಟ್‌ಗಳಲ್ಲಿ ಪಾಳಿ ಮಾಡಿದ ಕೆಲವರು