ಅಣ್ಣ ಕಟ್ಟಿದ ಗೋಡೆಯ ಬಿರುಕು

ಕುಮಟಾ

ತಂಗೀ, ಆಶೀರ್ವಾದಗಳು.

ನಿನ್ನ ಪತ್ರ ಬಂತು. ವರ್ಷಾಂತದ ಕಾರ್ಯದ ವಿಚಾರ ಬೇರೆ ಬರೆಯುತ್ತೇನೆ. ಕೊನೆಯಲ್ಲಿ ನೀನು ಬರೆದದ್ದು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. "ಅಡುಗೆಮನೆ ಕಿಟಕಿಯ ಮೂಲೆಯಿಂದ ಗೋಡೆ ಬಿರಿದಿದೆ. ಊರವರ ಮನೆಯೆಲ್ಲ ಕಟ್ಟಿದ ಅಪ್ಪ ನಮ್ಮ ಮನೆಗೇ ಪಾಯ ಸರಿ ಹಾಕಲಿಲ್ಲವೇ ಚಿಕ್ಕಪ್ಪ?" ಗೋಡೆ ಬಿರಿದದ್ದಕ್ಕಿಂತ ನಿನಗೆ ಹೀಗನ್ನಿಸಿತಲ್ಲ ಎಂಬುದೇ ನನಗೆ ಸಂಕಟ.

ಅಣ್ಣ ಎಷ್ಟು ಮನೆ ಕಟ್ಟಿದ, ಯಾರ ಬಾಕಿ ಬಿಟ್ಟುಕೊಟ್ಟ, ಅದೆಲ್ಲ ನಿನಗೆ ಗೊತ್ತಿದ್ದದ್ದೇ. ಆ ಗೋಡೆ ಹೇಗೆ ಎದ್ದಿತು ಎನ್ನುವುದು ಗೊತ್ತಿರಲಿಕ್ಕಿಲ್ಲ, ನೀನಾಗ ತೊಟ್ಟಿಲಲ್ಲಿದ್ದೆ. ದೀಪಾವಳಿ ಕಳೆದದ್ದೇ ಚಿರೆಕಲ್ಲು, ಅದೇ ಕೆಂಪು ಜಂಬಿಟ್ಟಿಗೆ ಕಲ್ಲು, ಕಡಿಸಿ ತಂದು, ಗಾಳಿಯಾಡುವ ಹಾಗೆ ಒಟ್ಟಿಸಿ ಬಿಸಿಲಿಗೆ ಬಿಟ್ಟಿದ್ದ. ಹೊಂಡದಿಂದ ತೆಗೆದಾಗ ಈ ಕಲ್ಲು ಕೊಡಲಿಯಲ್ಲಿ ಕೆತ್ತುವಷ್ಟು ಮೆತ್ತಗಿರುತ್ತದೆ, ಒಣಗಿದ ಹಾಗೆ ಗಟ್ಟಿಯಾಗುತ್ತದೆ. ಮಿರ್ಜಾನ ಕೋಟೆಯದೂ ಇದೇ ಕಲ್ಲು. ನಡುವೆ ಮೆತ್ತಗಿನ ಶೇಡಿಮಣ್ಣಿನ ಗೂಡು ಇರುವ ಕಲ್ಲನ್ನು ಅಣ್ಣ ಹೆಬ್ಬೆರಳಲ್ಲಿ ಒತ್ತಿ ನೋಡಿ ಬದಿಗೆ ಹಾಕಿಸುತ್ತಿದ್ದ. ಒಣ ಕಲ್ಲು ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆಂದು ನೆನೆಸಿಯೇ ಇಡಿಸಬೇಕು, ಸಂದಿಯ ಮೇಲೆ ಸಂದಿ ಬರಬಾರದು, ದಿನಕ್ಕೆ ಮೂರಡಿಗಿಂತ ಮೇಲೆ ಗೋಡೆ ಏರಬಾರದು. ಪಾಯವನ್ನು ಗಟ್ಟಿ ನೆಲ ಸಿಗುವ ತನಕ ಅಗೆಸಿದ್ದ. ಮೂರು ಮಳೆಗಾಲ ಕಳೆದ ಮೇಲೂ ಆ ಗೋಡೆಯಲ್ಲಿ ಕೂದಲೆಳೆಯಷ್ಟು ಗೆರೆ ಬಿದ್ದಿರಲಿಲ್ಲ. ಪಾಯದ ದೋಷವಾಗಿದ್ದರೆ ಆಗಲೇ ಕಾಣುತ್ತಿತ್ತು ತಂಗೀ, ಇಷ್ಟು ವರ್ಷ ಕಾಯುತ್ತಿರಲಿಲ್ಲ.

ಆ ಕಿಟಕಿ ಅಷ್ಟು ತಗ್ಗಿನಲ್ಲಿ ಯಾಕಿದೆ ಎಂದು ಯಾವತ್ತಾದರೂ ಯೋಚಿಸಿದ್ದೀಯಾ? ಒಳಕಲ್ಲಿನ ಬಳಿ ಕೂತು ರುಬ್ಬುವಾಗ ಅತ್ತಿಗೆಗೆ ಬೇಲಿಯ ಬಾಗಿಲಿನ ದಣಪೆ ಕಾಣಬೇಕು, ನಿನ್ನ ಅಕ್ಕಂದಿರು ಶಾಲೆಯಿಂದ ಬರುವುದು ಕಾಣಬೇಕು ಎಂದು ಅಣ್ಣ ಅವಳನ್ನು ನೆಲದ ಮೇಲೆ ಕೂರಿಸಿ, ಕಣ್ಣಿನ ಮಟ್ಟಕ್ಕೆ ದಾರ ಹಿಡಿದು ಗುರುತು ಹಾಕಿದ್ದ. ಆಯಿಯ ಮೊಣಕಾಲಿಗೆಂದು ಜಗಲಿಯ ಮೆಟ್ಟಿಲನ್ನು ಆರು ಅಂಗುಲಕ್ಕೆ ಇಳಿಸಿದ್ದೂ ಅವನೇ. ಅವನ ಲೆಕ್ಕವೆಲ್ಲ ಬಾಯಲ್ಲೇ ಇತ್ತು. ಯಾರೂ ಬರೆದಿಡಲಿಲ್ಲ, ಈಗ ಕೇಳೋಣವೆಂದರೆ ಅವನಿಲ್ಲ.

ಹಾಗಾದರೆ ಬಿರುಕು ಎಲ್ಲಿಂದ ಬಂತು? ಹೊಸ ಬಚ್ಚಲಿನ ಇಂಗುಗುಂಡಿ ಆ ಮೂಲೆಯಿಂದ ನಾಲ್ಕೇ ಅಡಿಗೆ ಇದೆ, ರಸ್ತೆ ಎತ್ತರವಾದ ಮೇಲೆ ಅಂಗಳದಲ್ಲಿ ನೀರು ನಿಲ್ಲುತ್ತದೆ ಎಂದು ನೀನೇ ಬರೆದಿದ್ದೀಯ. ಇಂಗುಗುಂಡಿ ಪಾಯದಿಂದ ಹತ್ತಡಿಯಾದರೂ ದೂರ ಇರಬೇಕು. ವರ್ಷವಿಡೀ ನೀರು ಕುಡಿದ ಮಣ್ಣು ಮೆತ್ತಗಾಗಿ ಆ ಮೂಲೆ ಚೂರು ಕೂತಿರಬೇಕು. ಗೋಡೆಯಲ್ಲಿ ಕಿಟಕಿಯ ಮೂಲೆಯೇ ಎಲ್ಲಕ್ಕಿಂತ ಸೋಲುವ ಜಾಗ, ಬಿರುಕು ಅಲ್ಲಿಂದಲೇ ಹೊರಡುತ್ತದೆ. ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಸಂದಿಯಲ್ಲೇ ಏರಿ, ಮೇಲೆ ಅಗಲ ಕೆಳಗೆ ಸಣ್ಣ ಇದೆಯೇ ನೋಡು. ಇದ್ದರೆ ಹೆಚ್ಚುಕಡಿಮೆ ಇದೇ ಕಾರಣ.

ದೂರದಲ್ಲಿ ಕೂತು ಇಷ್ಟೆಲ್ಲ ಹೇಳುವುದು ಸರಿಯೋ ಇಲ್ಲವೋ, ಆದರೂ ಹೇಳುತ್ತೇನೆ. ಬಿರುಕಿನ ಮೇಲಿನ ಗಿಲಾಯಿ, ಅಂದರೆ ಗಾರೆಯ ಮೆತ್ತಿಗೆ, ಒಂದು ಗೇಣು ಕೆತ್ತಿಸು, ಕಲ್ಲು ಕಾಣಬೇಕು. ಬಿರುಕು ಗಿಲಾಯಿಯದ್ದಷ್ಟೇ ಆಗಿದ್ದರೆ ಅಲ್ಲಿಗೇ ಮುಗಿಯಿತು. ಕಲ್ಲಿನಲ್ಲೂ ಇದ್ದರೆ ಎರಡೂ ಬದಿಗೆ ಪೆನ್ಸಿಲಿನಿಂದ ಗೆರೆ ಎಳೆದು, ನಡುವಿನ ಅಂತರವನ್ನು ಸ್ಟೀಲ್ ಪಟ್ಟಿಯಲ್ಲಿ ಅಳೆದು ತಾರೀಖಿನ ಸಮೇತ ಗೋಡೆಯ ಮೇಲೇ ಬರೆ. ತಿಂಗಳಿಗೊಮ್ಮೆ ಅಳೆದರೆ ಸಾಕು, ದಿನಾ ನೋಡಿ ಹೆದರಬೇಡ. ರೂಪಾಯಿ ನಾಣ್ಯ ತೂರುವಷ್ಟು ಎಂದಿದ್ದೀಯ, ಅಂದರೆ ಎರಡು ಮಿಲಿಮೀಟರಿನ ಆಸುಪಾಸು. ಅಷ್ಟಕ್ಕೆ ಮನೆ ಬೀಳುವುದಿಲ್ಲ. ಬಿರುಕಿನ ಅಗಲ ಐದು ಮಿಲಿಮೀಟರು ದಾಟಿತೋ, ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳಲು ಶುರುವಾಯಿತೋ, ತೂಗುಗುಂಡು ಬಿಟ್ಟಾಗ ಗೋಡೆ ಹೊರಗೆ ಉಬ್ಬಿದ್ದು ಕಂಡಿತೋ, ಆಗ ತಡಮಾಡದೆ ಇಂಜಿನಿಯರರನ್ನು ಕರೆಸು.

ಹಂಚಿನ ಮಾಡು ಬಿಚ್ಚಿ ಸ್ಲ್ಯಾಬು ಹಾಕಿದರೆ ಗೋಡೆ ಬಿಗಿಯಾಗುತ್ತದೆ ಎಂದು ಯಾರೋ ಹೇಳಿದರಂತಲ್ಲ, ದಯವಿಟ್ಟು ಆ ಮಾತು ಕೇಳಬೇಡ. ಹಂಚಿನ ಮಾಡು ಮರ ಸೇರಿದರೂ ಚದರ ಮೀಟರಿಗೆ ಸುಮಾರು 65 ಕೆ.ಜಿ. ಐದು ಅಂಗುಲದ ಸ್ಲ್ಯಾಬು 300 ಕೆ.ಜಿ. ದಾಟುತ್ತದೆ. ಕೂತ ಮೂಲೆಯ ಮೇಲೆ ಅಷ್ಟು ಭಾರ ಹೇರಿದರೆ ಅಣ್ಣನ ಪಾಯವಲ್ಲ, ಯಾರ ಪಾಯವೂ ತಡೆಯಲಿಕ್ಕಿಲ್ಲ. ಆಮೇಲೆ ಜನ ಬೆರಳು ತೋರಿಸುವುದು ಮಾತ್ರ ಅವನ ಕಡೆಗೇ. ನನಗೆ ಹೆದರಿಕೆ ಇರುವುದು ಅದೊಂದಕ್ಕೆ.

ಮೊದಲು ಇಂಗುಗುಂಡಿ ದೂರ ಹೋಗಲಿ. ಗೋಡೆಯ ಬುಡದಿಂದ ಹೊರಕ್ಕೆ ಹತ್ತಡಿಗೆ ಆರು ಅಂಗುಲ ಇಳಿಜಾರು ಬರುವ ಹಾಗೆ ಮಣ್ಣು ಹಾಕಿಸು. ಒಂದು ಮಳೆಗಾಲ ಅಳತೆ ಬದಲಾಗದಿದ್ದರೆ ಸಂದಿಯನ್ನು ಒಂದಂಗುಲ ಕೆದಕಿ, ತೊಳೆದು, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಹೊಳೆ ಮರಳಿನ ಗಾರೆ ತುಂಬಿಸೋಣ. ಸಮುದ್ರದ ಮರಳು ಬೇಡ, ಉಪ್ಪು ಗೋಡೆ ತಿನ್ನುತ್ತದೆ. ಬರೀ ಸಿಮೆಂಟೂ ಬೇಡ. ಚಿರೆಕಲ್ಲು ಮಳೆಗೆ ಹೀರಿದ ನೀರು ಹೊರಗೆ ಹೋಗಬೇಕು, ಸಿಮೆಂಟು ಅದಕ್ಕೆ ಬಿಡುವುದಿಲ್ಲ.

ಕೆಲಸಕ್ಕೆ ಅಣ್ಣನ ಕೈಕೆಳಗೆ ಪಳಗಿದ ಒಬ್ಬ ಮೇಸ್ತ್ರಿ ಇನ್ನೂ ಇದ್ದಾನೆ, ನಾನೇ ಹೇಳಿಡುತ್ತೇನೆ. ಈ ತಿಂಗಳ ಅಳತೆ ತೆಗೆದು ಬರೆ.

ನಿನ್ನ ಚಿಕ್ಕಪ್ಪ