‘ಇನ್ ಕ್ಯಾಮೆರಾ’ ಎಂದರೆ ಕ್ಯಾಮೆರಾ ಮುಂದೆ ಅಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಅತ್ಯಾಚಾರ ಪ್ರಕರಣದ ವಿಚಾರಣೆಯನ್ನು ‘ಕ್ಯಾಮೆರಾ ಮುಂದೆ’ ನಡೆಸಲು ನ್ಯಾಯಾಲಯ ಆದೇಶಿಸಿದೆ ಎನ್ನುವಂಥ ಸಾಲು ಕನ್ನಡ ಸುದ್ದಿಗಳಲ್ಲಿ ಆಗೊಮ್ಮೆ ಈಗೊಮ್ಮೆ ನುಸುಳುತ್ತದೆ. ಆದೇಶದಲ್ಲಿ ಇರುವುದು ‘ಇನ್ ಕ್ಯಾಮೆರಾ’. ಇದು ಲ್ಯಾಟಿನ್. ಅಲ್ಲಿ ಕ್ಯಾಮೆರಾ ಅಂದರೆ ಕೋಣೆ. ಬಾಗಿಲು ಹಾಕಿಕೊಂಡು, ಸಂಬಂಧಪಟ್ಟವರನ್ನಷ್ಟೇ ಒಳಗೆ ಬಿಟ್ಟು ನಡೆಸುವ ವಿಚಾರಣೆ ಎಂಬುದು ಅದರ ಅರ್ಥ. ಫೋಟೊ ತೆಗೆಯುವ ಪೆಟ್ಟಿಗೆಗೆ ಆ ಹೆಸರು ಅಂಟಿದ್ದು ಬಹಳ ತಡವಾಗಿ. ಸಣ್ಣ ತೂತಿನಿಂದ ಬೆಳಕು ಹೊಕ್ಕು ಎದುರು ಗೋಡೆಯ ಮೇಲೆ ತಲೆಕೆಳಗಾದ ಚಿತ್ರ ಬೀಳುವ ಕತ್ತಲೆ ಕೋಣೆಯನ್ನು ‘ಕ್ಯಾಮೆರಾ ಅಬ್ಸ್ಕ್ಯೂರಾ’ ಎನ್ನುತ್ತಿದ್ದರು. ಅದು ಸಣ್ಣದಾಗುತ್ತ ಪೆಟ್ಟಿಗೆಯಾಯಿತು, ಹೆಸರು ಉಳಿಯಿತು.

ಹಳೆಯ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿಯ 327ನೇ ಕಲಮಿನಲ್ಲಿದ್ದ ಈ ನಿಯಮ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 366ನೇ ಕಲಮಿನಲ್ಲಿದೆ. ಗೊಂದಲಕ್ಕೆ ಇನ್ನೊಂದು ಕಾರಣವೂ ಅಲ್ಲೇ ಇದೆ. ಅದೇ ಸಂಹಿತೆಯ 105ನೇ ಕಲಂ, ಪೊಲೀಸರು ಮನೆ ಶೋಧಿಸಿ ಮಾಲು ಜಪ್ತಿ ಮಾಡುವಾಗ ವಿಡಿಯೊ ಮಾಡಲೇಬೇಕು ಎನ್ನುತ್ತದೆ. ಒಂದು ಕಡೆ ನಿಜವಾದ ಕ್ಯಾಮೆರಾ, ಇನ್ನೊಂದು ಕಡೆ ಮುಚ್ಚಿದ ಬಾಗಿಲು. ಅವಸರದಲ್ಲಿ ಅನುವಾದಿಸಿದರೆ ಸಂತ್ರಸ್ತೆಯ ಹೇಳಿಕೆಯನ್ನು ಊರಿಗೆಲ್ಲ ತೋರಿಸುತ್ತಾರೇನೋ ಎಂದು ಓದುಗ ಗಾಬರಿಯಾಗುತ್ತಾನೆ. ‘ಗೋಪ್ಯ ವಿಚಾರಣೆ’ ಎಂದು ಬರೆದರೆ ಮುಗಿಯಿತು.

ಇಂಗ್ಲಿಷ್ ಪತ್ರಿಕೆಗಳು ಇಂಥ ಪರಭಾಷೆಯ ಪದಗಳನ್ನು ಓರೆ ಅಕ್ಷರದಲ್ಲಿ ಅಚ್ಚು ಮಾಡುವುದು ಹಳೆಯ ರೂಢಿ. ಇದು ನಮ್ಮ ಮನೆಯದಲ್ಲ, ಅರ್ಥ ನೋಡಿಕೊಂಡು ಓದಿ ಎಂಬ ಸೂಚನೆ ಅದು. ಕನ್ನಡ ಅಚ್ಚಿನಲ್ಲಿ ಓರೆ ಅಕ್ಷರದ ಬಳಕೆ ಕಡಿಮೆ. ಹಾಗಾಗಿ ಪದ ಕನ್ನಡ ಲಿಪಿಗೆ ದಾಟುವಾಗ ಆ ಸೂಚನೆ ಉದುರಿ ಬೀಳುತ್ತದೆ, ಎಲ್ಲವೂ ಒಂದೇ ‘ಇಂಗ್ಲಿಷ್’ ಆಗಿ ಕಾಣುತ್ತದೆ.

ಕನ್ನಡ ಶುದ್ಧವಾಗಿರಲಿ ಎಂಬ ತಕರಾರು ನಮ್ಮದಲ್ಲ. ಆ ‘ತಕರಾರು’ ಕೂಡ ಹೊರಗಿನಿಂದ ಬಂದದ್ದೇ. ಉತಾರ (ಪಹಣಿ), ಫಿರ್ಯಾದಿ, ದಾವೆ, ವಕಾಲತ್ತು, ಕಬ್ಜಾ ಇವಿಲ್ಲದೆ ನಮ್ಮ ಕಡೆ ಒಂದು ಹೊಲದ ವ್ಯಾಜ್ಯ ಬಗೆಹರಿಯುವುದಿಲ್ಲ. ಆದರೆ ಉತಾರದಲ್ಲಿ ಏನಿರುತ್ತದೆ ಎಂದು ಓದು ಬಾರದವನಿಗೂ ಗೊತ್ತು. ‘ಸೊಲೇಶಿಯಂ’ನಲ್ಲಿ ಏನಿದೆ ಎಂದು ಕೇಳಿನೋಡಿ.

ಬಾಗಲಕೋಟೆಯಲ್ಲಿ ಕುಳಿತು ಈ ಪದ ಬಿಟ್ಟು ಮುಂದೆ ಹೋಗುವಂತಿಲ್ಲ. ಕೃಷ್ಣಾ ಹಿನ್ನೀರಿಗೆ ಹೊಲ ಮನೆ ಕೊಟ್ಟ ಊರಿದು. ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ಬಂದಾಗಲೆಲ್ಲ ಪರಿಹಾರದ ಸುದ್ದಿಯೂ ಬರುತ್ತದೆ. ಆ ಸುದ್ದಿಯಲ್ಲಿ ಪರಿಹಾರ, ಸೊಲೇಶಿಯಂ, ಎಕ್ಸ್‌ಗ್ರೇಷಿಯಾ ಮೂರನ್ನೂ ಒಂದೇ ಚೀಲಕ್ಕೆ ತುಂಬಿರುತ್ತಾರೆ. ಸೊಲೇಶಿಯಂ ಎಂದರೆ ಲ್ಯಾಟಿನ್‌ನಲ್ಲಿ ಸಾಂತ್ವನ. ಮಾರಲು ಮನಸ್ಸಿಲ್ಲದವನಿಂದ ಕಾನೂನಿನ ಬಲದ ಮೇಲೆ ಭೂಮಿ ತೆಗೆದುಕೊಂಡಿದ್ದಕ್ಕೆ, ಭೂಮಿಯ ಬೆಲೆಯ ಮೇಲೆ ಕೊಡುವ ಹಣ. 1894ರ ಕಾಯ್ದೆಯಲ್ಲಿ ಅದು ಶೇ 15 ಇತ್ತು. 1984ರ ತಿದ್ದುಪಡಿ ಶೇ 30ಕ್ಕೆ ಏರಿಸಿತು. 2014ರ ಜನವರಿ 1ರಿಂದ ಜಾರಿಗೆ ಬಂದ 2013ರ ಭೂಸ್ವಾಧೀನ ಕಾಯ್ದೆಯ 30ನೇ ಕಲಮಿನಲ್ಲಿ ಅದು ಶೇ 100.

ತಪ್ಪಾಗುವುದು ಯಾವುದರ ಶೇ 100 ಎಂಬಲ್ಲಿ. ಲೆಕ್ಕಕ್ಕಾಗಿ ಹೀಗಿಟ್ಟುಕೊಳ್ಳಿ: ಹೊಲದ ಮಾರುಕಟ್ಟೆ ಬೆಲೆ 8 ಲಕ್ಷ, ಗ್ರಾಮೀಣ ಪ್ರದೇಶದ ಗುಣಾಂಕ 1.5. ಅಲ್ಲಿಗೆ 12 ಲಕ್ಷ. ಬಾವಿ, ಗಿಡಮರ, ಪೈಪ್‌ಲೈನಿಗೆ 1 ಲಕ್ಷ ಸೇರಿಸಿದರೆ 13 ಲಕ್ಷ. ಸೊಲೇಶಿಯಂ ಈ 13 ಲಕ್ಷದ ಮೇಲೆ, ಬರೀ 8 ಲಕ್ಷದ ಮೇಲಲ್ಲ. ಒಟ್ಟು 26 ಲಕ್ಷ. ವರ್ಷಕ್ಕೆ ಶೇ 12ರ ಹೆಚ್ಚುವರಿ ಮೊತ್ತದ ಲೆಕ್ಕವೇ ಬೇರೆ, ಅದಕ್ಕೆ ಸೊಲೇಶಿಯಂ ಸೇರುವುದಿಲ್ಲ. ‘ಸೊಲೇಶಿಯಂ ಅಂದರೆ ಪರಿಹಾರ’ ಎಂದು ಪತ್ರಿಕೆ ಬರೆದರೆ, 13 ಲಕ್ಷಕ್ಕೇ ಸಹಿ ಹಾಕಿ ಬರುವವನಿಗೆ ಉಳಿದರ್ಧ ಕೇಳಬೇಕೆಂಬುದೇ ಹೊಳೆಯುವುದಿಲ್ಲ.

ಎಕ್ಸ್‌ಗ್ರೇಷಿಯಾ ಇದಕ್ಕೆ ಪೂರ್ತಿ ಉಲ್ಟಾ. ‘ಕೃಪೆಯಿಂದ’ ಎಂಬುದು ಅದರ ಪದಶಃ ಅರ್ಥ. ಕೊಡಲೇಬೇಕಾದ ಕಾನೂನಿನ ಹೊಣೆ ನಮ್ಮ ಮೇಲಿಲ್ಲ, ಆದರೂ ಕೊಡುತ್ತಿದ್ದೇವೆ ಎನ್ನುವ ಹಣ. ಬಾಕಿ ಹಕ್ಕನ್ನು ಕೇಳಿ ಪಡೆಯಬಹುದು, ಕೃಪೆಯನ್ನು ಹಾಗೆ ಕೇಳಲು ಬರುವುದಿಲ್ಲ. ಇವೆರಡಕ್ಕೂ ‘ಪರಿಹಾರ’ ಎಂಬ ಒಂದೇ ತಲೆಬರಹ ಕೊಡುವುದು ಸರಿಯಲ್ಲ. ಹಕ್ಕಿನ ಹಣವನ್ನು ‘ಪರಿಹಾರ’ ಎಂದರೆ ಕೃಪೆಯದು ‘ಅನುಗ್ರಹ ಧನ’ವೋ ‘ನೆರವೋ’ ಆಗಲಿ.

ಕೆಲವು ಪದಗಳಿಗೆ ಕನ್ನಡದಲ್ಲಿ ಅಚ್ಚುಕಟ್ಟಾದ ಜೋಡಿ ಸಿದ್ಧವಾಗಿದೆ. ಎಕ್ಸ್ ಅಫಿಶಿಯೊ ‘ಪದನಿಮಿತ್ತ’, ಪ್ರೈಮಾ ಫೇಸಿ ‘ಮೇಲ್ನೋಟಕ್ಕೆ’, ಸೈನ್ ಡೈ ‘ಅನಿರ್ದಿಷ್ಟಾವಧಿಗೆ’. ಬೆಳಗಾವಿಯ ಸುವರ್ಣ ವಿಧಾನಸೌಧದ ಅಧಿವೇಶನ ಮುಗಿದ ದಿನ ಈ ಕೊನೆಯ ಪದ ಎಲ್ಲ ಪತ್ರಿಕೆಗಳಲ್ಲೂ ಕನ್ನಡದಲ್ಲೇ ಬರುತ್ತದೆ, ಸರಿಯಾಗಿಯೇ ಬರುತ್ತದೆ. ಹಾಗಿದ್ದ ಮೇಲೆ ‘ಸುಮೋಟೊ ಪ್ರಕರಣ’ ಯಾಕೆ? ಅದು ಗಾಡಿಯ ಹೆಸರಲ್ಲ. ಸುವೊ ಮೋಟು ಎಂಬ ಎರಡು ಪದ, ತನ್ನದೇ ಚಾಲನೆಯಿಂದ ಎಂಬ ಅರ್ಥ. ‘ಮೋಟೊ’ ಎಂಬುದು ಇಂಗ್ಲಿಷಿನಲ್ಲೂ ತಪ್ಪೇ. ‘ಸ್ವಯಂಪ್ರೇರಿತ’ ಇರುವಾಗ ಆ ತಪ್ಪನ್ನು ನಾವು ಹೊತ್ತು ತರಬೇಕಾಗಿಲ್ಲ.

‘ಸ್ಟೇಟಸ್ ಕೊ’ಗೆ ‘ಯಥಾಸ್ಥಿತಿ’ ಇದೆ. ಆದರೆ ವರದಿಗಳಲ್ಲಿ ಅದನ್ನು ತಡೆಯಾಜ್ಞೆಯೊಂದಿಗೆ ಕಲಸಿಬಿಡುತ್ತಾರೆ. ತಡೆಯಾಜ್ಞೆ ಒಂದು ಕೆಲಸವನ್ನೋ ಆದೇಶದ ಜಾರಿಯನ್ನೋ ನಿಲ್ಲಿಸುತ್ತದೆ. ಯಥಾಸ್ಥಿತಿ ಇಬ್ಬರ ಕೈಯನ್ನೂ ಕಟ್ಟುತ್ತದೆ. ಆದೇಶದ ದಿನ ಗೋಡೆ ಮೂರು ಅಡಿ ಎದ್ದಿದ್ದರೆ ಮೂರೇ ಅಡಿ ಇರಬೇಕು. ಕಟ್ಟುವವನು ನಾಲ್ಕನೇ ಅಡಿಗೆ ಇಟ್ಟಿಗೆ ಇಡುವಂತಿಲ್ಲ, ಪಕ್ಕದವನು ಬಂದು ಕೆಡವುವಂತಿಲ್ಲ. ಗೋಡೆ ಏಳುವುದಕ್ಕೆ ಮೊದಲು ಹೇಗಿತ್ತೋ ಹಾಗೆ ಮಾಡಿ ಎನ್ನಬೇಕಾದರೆ ಕೋರ್ಟು ‘ಸ್ಟೇಟಸ್ ಕೊ ಆಂಟೆ’ ಎನ್ನುತ್ತದೆ. ಕೊನೆಯ ಆ ಒಂದು ಪದ ಬಿಟ್ಟುಹೋದರೆ ಗೆದ್ದವನೂ ಸೋತವನೂ ಅದಲುಬದಲಾಗುತ್ತಾರೆ. ‘ಕೇವಿಯಟ್’ ಕತೆಯೂ ಅಷ್ಟೆ. ‘ಎಚ್ಚರವಾಗಿರಲಿ’ ಎಂಬ ಲ್ಯಾಟಿನ್ ಕ್ರಿಯಾಪದ ಅದು. ಕೇವಿಯಟ್ ಹಾಕಿದರೆ ಎದುರಿನವನ ದಾವೆ ನಿಲ್ಲುವುದಿಲ್ಲ. ನನ್ನ ಮಾತು ಕೇಳದೆ ಆದೇಶ ಕೊಡಬೇಡಿ ಎಂಬ ಮುನ್ಸೂಚನೆ ಮಾತ್ರ. ಸಿವಿಲ್ ಪ್ರಕ್ರಿಯಾ ಸಂಹಿತೆಯ 148-ಎ ಕಲಮಿನಂತೆ ಅದರ ಆಯುಷ್ಯ 90 ದಿನ. ಅಷ್ಟರೊಳಗೆ ಎದುರಿನವನು ಅರ್ಜಿ ಹಾಕದಿದ್ದರೆ ಮತ್ತೆ ಹೊಸದಾಗಿ ಸಲ್ಲಿಸಬೇಕು.

ಕನ್ನಡದ ಜೋಡಿಯೇ ತೊಡಕಾಗುವುದೂ ಉಂಟು. ಅಫಿಡವಿಟ್‌ಗೂ ‘ಪ್ರಮಾಣಪತ್ರ’, ಸರ್ಟಿಫಿಕೇಟಿಗೂ ‘ಪ್ರಮಾಣಪತ್ರ’. ಅಫಿಡವಿಟ್ ಅಂದರೆ ‘ಆತ ಆಣೆ ಮಾಡಿ ಹೇಳಿದ್ದಾನೆ’. ನಾವೇ ಬರೆದು, ನೋಟರಿಯಂಥವರ ಮುಂದೆ ಪ್ರಮಾಣ ಮಾಡಿ ಸಹಿ ಹಾಕುವ ಕಾಗದ. ಸರ್ಟಿಫಿಕೇಟ್ ಇನ್ನೊಬ್ಬರು ನಮಗೆ ಕೊಡುವ ಕಾಗದ. ‘ಆದಾಯದ ಪ್ರಮಾಣಪತ್ರ ಲಗತ್ತಿಸಿ’ ಎಂದು ಓದಿದವರು ನೋಟರಿ ಹುಡುಕಬೇಕೋ ನಾಡಕಚೇರಿಗೆ ಹೋಗಬೇಕೋ? ಇಲ್ಲಿ ‘ಅಫಿಡವಿಟ್’ ಎಂಬ ಪದವನ್ನೇ ಇಟ್ಟುಕೊಳ್ಳುವುದು ವಾಸಿ. ಮರಾಠಿ ಬಲ್ಲ ಗಡಿಭಾಗದವರು ಇದನ್ನು ‘ಪ್ರತಿಜ್ಞಾಪತ್ರ’ ಎನ್ನುತ್ತಾರೆ, ಅಲ್ಲಿ ಈ ಗೊಂದಲವೇ ಇಲ್ಲ. ಇನ್ನು ಶಾಲೆಯ ‘ಬೋನಾಫೈಡ್’. ಝೆರಾಕ್ಸ್ ಅಂಗಡಿಯ ಬೋರ್ಡಿನಲ್ಲಿ ಅದರ ಇಂಗ್ಲಿಷ್ ಕಾಗುಣಿತ ‘ಸರ್ಟಿಫೈಡ್’ನ ಬಾಲವನ್ನು ಹೊತ್ತುಕೊಂಡಿರುತ್ತದೆ. ಬೋನಾ ಅಂದರೆ ಒಳ್ಳೆಯ, ಫೈಡೆ ಅಂದರೆ ನಂಬಿಕೆಯಿಂದ. ಸುದ್ದಿಗೆ ‘ವ್ಯಾಸಂಗ ಪ್ರಮಾಣಪತ್ರ’ ಸಾಕು.

ಕನ್ನಡ ಪದ ಇಲ್ಲದ ಕಡೆ ಉಚ್ಚಾರಣೆ ನೋಡಿ ಬರೆಯಬೇಕು, ಅಕ್ಷರ ನೋಡಿ ಅಲ್ಲ. ಫ್ರೆಂಚ್‌ನಿಂದ ಬಂದ ಪದಗಳ ಕೊನೆಯ ವ್ಯಂಜನ ಬಹುಮಟ್ಟಿಗೆ ಮೌನ. ಈ ನಿಯಮ ನಮ್ಮ ಜನಕ್ಕೆ ಹೊಸದೇನಲ್ಲ: ಬಸ್ ನಿಲ್ಲುವ ಜಾಗವನ್ನು ಯಾರೂ ‘ಡಿಪೋಟ್’ ಅನ್ನುವುದಿಲ್ಲ, ಡಿಪೊ ಅಂತಲೇ ಅನ್ನುತ್ತಾರೆ. ಅದೇ ಬಾಯಿ ಮದುವೆ ಊಟಕ್ಕೆ ‘ಬಫೆಟ್’ ಅನ್ನುತ್ತದೆ. ಅದು ಬಫೆ. ಅವಶೇಷಕ್ಕೆ ಡೆಬ್ರಿ, ಸೇನಾ ದಂಗೆಗೆ ಕೂ. ನೃತ್ಯ ಬ್ಯಾಲೆ, ಮತಪತ್ರ ಮಾತ್ರ ಬ್ಯಾಲೆಟ್. ಯಾಕೆಂದರೆ ಅದರ ಬೇರು ಇಟಾಲಿಯನ್, ಗುಪ್ತ ಮತಕ್ಕೆ ಹಾಕುತ್ತಿದ್ದ ಸಣ್ಣ ಗುಂಡಿನ ಹೆಸರು. ಎಲ್ಲಕ್ಕಿಂತ ಕಿವಿಗೆ ಹೊಡೆಯುವುದು ಜನವರಿ 26ರ ಪರೇಡ್ ವರದಿಯಲ್ಲಿ ಬರುವ ‘ಕೆಡೆಟ್ ಕಾರ್ಪ್ಸ್’. ಅದು ‘ಕೋರ್’. ‘ಕಾರ್ಪ್ಸ್’ ಅಂದರೆ ಹೆಣ. ಎರಡೂ ಲ್ಯಾಟಿನ್ನಿನ ‘ಕಾರ್ಪಸ್’ ಎಂಬ ದೇಹದಿಂದಲೇ ಹುಟ್ಟಿದವು. ಹೇಬಿಯಸ್ ಕಾರ್ಪಸ್, ಸಂಘ ಸಂಸ್ಥೆಗಳ ಕಾರ್ಪಸ್ ಫಂಡ್ ಅದೇ ಕುಟುಂಬ. ಬಹುವಚನದ ಬಗ್ಗೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ. ಡೇಟಾ, ಮೀಡಿಯಾ, ಅಜೆಂಡಾ ಮೂಲದಲ್ಲೇ ಬಹುವಚನವಾದರೂ ಕನ್ನಡದಲ್ಲಿ ‘ಗಳು’ ಹಚ್ಚಿದರೆ ಆಕಾಶ ಬೀಳುವುದಿಲ್ಲ.

ಆರೋಗ್ಯ ಅಂಕಣದ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಡಾಕ್ಟರ ಚೀಟಿಯ ಸಂಕ್ಷೇಪಗಳು ಬಹುಪಾಲು ಲ್ಯಾಟಿನ್. ದಿನಕ್ಕೆ ಎರಡು ಬಾರಿ ಎಂಬ ‘ಬಿಸ್ ಇನ್ ಡಿಯೆ’ಯ ಸಂಕ್ಷೇಪ ಬಿ.ಡಿ. ಚುಕ್ಕಿ ಹಾರಿಹೋಗಿ ‘ಊಟದ ನಂತರ ಈ ಮಾತ್ರೆ ಬಿಡಿ’ ಎಂದು ಅಚ್ಚಾದರೆ ಕನ್ನಡದ ಓದುಗ ಮಾತ್ರೆಯನ್ನೇ ಬಿಡುತ್ತಾನೆ. ಟಿ.ಡಿ.ಎಸ್. ಅಂದರೆ ದಿನಕ್ಕೆ ಮೂರು ಬಾರಿ, ತೆರಿಗೆ ಕಡಿತವಲ್ಲ. ಎಚ್.ಎಸ್. ಮಲಗುವ ಹೊತ್ತಿಗೆ. ಎ.ಸಿ. ಊಟಕ್ಕೆ ಮುಂಚೆ, ಪಿ.ಸಿ. ಊಟದ ಮೇಲೆ. ಕಚೇರಿ ಮೆಟ್ಟಿಲು ಸವೆಸಿದವರಿಗೆ ಎ.ಸಿ. ಎಂದರೆ ಉಪವಿಭಾಗಾಧಿಕಾರಿ, ಪಿ.ಸಿ. ಎಂದರೆ ಪೊಲೀಸಪ್ಪ. ಎಸ್.ಒ.ಎಸ್. ನೋಡಿ ಇದು ತುರ್ತಿನ ಮಾತ್ರೆ, ತಕ್ಷಣ ನುಂಗಬೇಕು ಎಂದುಕೊಳ್ಳುತ್ತಾರೆ. ‘ಸಿ ಓಪುಸ್ ಸಿಟ್’, ಬೇಕೆನಿಸಿದರೆ ಮಾತ್ರ ಎಂಬುದು ಅದರ ಅರ್ಥ. ನೋವಿಲ್ಲದಿದ್ದರೆ ಬೇಡ. ಒ.ಡಿ. ಎಂದರೆ ಮಾತ್ರೆಯ ಚೀಟಿಯಲ್ಲಿ ದಿನಕ್ಕೊಮ್ಮೆ, ಕನ್ನಡಕದ ಚೀಟಿಯಲ್ಲಿ ಬಲಗಣ್ಣು. ಔಷಧ ಅಂಗಡಿಯವರು ಪಟ್ಟಿಯ ಮೇಲೆ 1-0-1 ಎಂದು ಬರೆದುಕೊಡುತ್ತಾರಲ್ಲ, ಅದಕ್ಕೆ ಯಾವ ಭಾಷೆಯ ಹಂಗೂ ಇಲ್ಲ: ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ನಿಮ್ಮ ಅಂಕಣಕ್ಕೂ ಅದೇ ಸಾಕು.

ಅರ್ಜಿ ಆಹ್ವಾನದ ಪ್ರಕಟಣೆಗಳಲ್ಲಿ ಇನ್ನೆರಡು ಕಡೆ ಎಡವುತ್ತಾರೆ. ಇಂಗ್ಲಿಷ್ ಮೂಲದಲ್ಲಿ ‘ಐ.ಇ.’ ಇದ್ದರೆ ‘ಅಂದರೆ’, ‘ಇ.ಜಿ.’ ಇದ್ದರೆ ‘ಉದಾಹರಣೆಗೆ’. ‘ಗುರುತಿನ ದಾಖಲೆ, ಅಂದರೆ ಆಧಾರ್’ ಎಂದರೆ ಆಧಾರ್ ಒಂದೇ ನಡೆಯುತ್ತದೆ. ‘ಉದಾಹರಣೆಗೆ ಆಧಾರ್’ ಎಂದರೆ ಮತದಾರರ ಚೀಟಿಯೂ ನಡೆಯಬಹುದು. ಎರಡಕ್ಕೂ ‘ಮುಂತಾದ’ ಎಂದು ಬರೆದು ಕೈತೊಳೆದುಕೊಂಡರೆ ಕೌಂಟರಿನಲ್ಲಿ ಅರ್ಜಿ ವಾಪಸ್ ಬರುತ್ತದೆ. ಇನ್ನೊಂದು ‘12 ಎಎಂ’. ಆಂಟೆ ಮೆರಿಡಿಯೆಮ್ ಅಂದರೆ ನಡುಹಗಲಿಗೆ ಮುಂಚೆ, ಪೋಸ್ಟ್ ಮೆರಿಡಿಯೆಮ್ ಅಂದರೆ ನಡುಹಗಲಿನ ನಂತರ. ಹನ್ನೆರಡು ಗಂಟೆಯೇ ನಡುಹಗಲು, ಅದಕ್ಕೆ ಮುಂಚೆಯೂ ಇಲ್ಲ ನಂತರವೂ ಇಲ್ಲ. ರೂಢಿಯಲ್ಲಿ ಮಾತ್ರ 12 ಎಎಂ ಅಂದರೆ ನಡುರಾತ್ರಿ, ಆ ತಾರೀಖು ಶುರುವಾಗುವ ಹೊತ್ತು. ‘15ನೇ ತಾರೀಖು 12 ಎಎಂ ಒಳಗೆ’ ಎಂದು ಮೂಲದಲ್ಲಿದ್ದರೆ ಗಡುವು ಮುಗಿಯುವುದು 14ರ ರಾತ್ರಿ. ‘15ರ ರಾತ್ರಿ 12ರೊಳಗೆ’ ಎಂದು ಅನುವಾದಿಸಿದರೆ ಓದುಗ ಒಂದು ದಿನ ತಡವಾಗಿ ಸೈಬರ್ ಸೆಂಟರಿಗೆ ಹೋಗಿ ಕೂರುತ್ತಾನೆ. ‘14ರ ರಾತ್ರಿ 11.59ರವರೆಗೆ’ ಎಂದು ಅಚ್ಚು ಹಾಕಿ.

ಇತಿ,
ನಿಮ್ಮ ಓದುಗರು, ದಾಖಲೆಪತ್ರಗಳ ಅನುವಾದಕರು
ನವನಗರ, ಬಾಗಲಕೋಟೆ