ಪತ್ರ ಉಳಿಸಿದವರಿಗೆ, ಕೂತು ಕೇಳಿದವರಿಗೆ

ಗೆಳೆಯರೇ,

ಕಳೆದ ಭಾನುವಾರ ಕೊನೆಯ ಪತ್ರ ಓದಿ ಮುಗಿಸಿದೆವು. ಗುಲಾಮಗಿರಿಯ ವಿಚಾರಕ್ಕೆ ಉತ್ತರದ, ದಕ್ಷಿಣದ ರಾಜ್ಯಗಳು ಹೊಡೆದಾಡಿದ ಅಮೆರಿಕದ ಅಂತರ್ಯುದ್ಧದಲ್ಲಿ (1861-65) ಸೈನಿಕರು ಮನೆಗೆ ಬರೆದ ಪತ್ರಗಳನ್ನು, ದಿನಚರಿಗಳನ್ನು ಆರಿಸಿ ಕನ್ನಡಕ್ಕೆ ತರಬೇಕು, ನಾಲ್ಕು ಜನರ ಮುಂದೆ ಓದಬೇಕು ಅನ್ನುವ ನನ್ನ ಹುಚ್ಚು ಅಂತೂ ದಡ ಮುಟ್ಟಿತು. ಜೊತೆಗಿದ್ದವರಿಗೆಲ್ಲ ಫೋನ್ ಮಾಡಿ ಹೇಳೋಣ ಅಂದುಕೊಂಡೆ. ಆಮೇಲೆ ಬರೆದೇ ಹೇಳೋಣ ಅನ್ನಿಸಿತು. ಅಂಚೆ ಇಲಾಖೆಯಲ್ಲಿ ನೌಕರಿ ಮಾಡಿ ನಿವೃತ್ತನಾದವನು ಬರೆಯದೆ ಇನ್ನೇನು ಮಾಡಿಯಾನು, ಅಲ್ವಾ?

ಮೊದಲ ಥ್ಯಾಂಕ್ಸ್ ನಮ್ಮ ಇಂಗ್ಲಿಷ್ ಟೀಚರಿಗೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಆ ಸೈನಿಕರಲ್ಲಿ ಬಹಳ ಮಂದಿ ರೈತರ ಮಕ್ಕಳು. ಅಕ್ಷರ ಬಲ್ಲವರೇ ಜಾಸ್ತಿ, ಆದರೆ ಕಾಗುಣಿತ ಅವರವರ ಮಾತಿನ ಪ್ರಕಾರ. ಪೂರ್ಣವಿರಾಮವನ್ನು ಹುಡುಕಬೇಕು. ನಾನು ಒಂದು ಸಾಲಿಗೆ ಒದ್ದಾಡುತ್ತಿದ್ದರೆ ಟೀಚರ್ ಕಣ್ಣು ಮುಚ್ಚಿಕೊಂಡು, "ಜೋರಾಗಿ ಓದ್ರಿ, ನೋಡಬ್ಯಾಡ್ರಿ" ಅನ್ನುತ್ತಿದ್ದರು. ಕಿವಿಗೆ ಬಿದ್ದ ಕೂಡಲೇ ಅರ್ಥ ಬಿಡಿಸಿಕೊಳ್ಳುತ್ತಿತ್ತು. ಎಷ್ಟೋ ಪತ್ರಗಳು ಒಂದೇ ಥರ ಶುರುವಾಗುತ್ತವೆ. ಪೆನ್ನು ಹಿಡಿದಿದ್ದೇನೆ, ನಾನು ಆರೋಗ್ಯವಾಗಿದ್ದೇನೆ, ಈ ನಾಲ್ಕು ಸಾಲು ಮುಟ್ಟುವಾಗ ನೀವೂ ಹಾಗೇ ಇರಿ ಅಂತ. "ಇದು ನಮ್ಮಜ್ಜನ ಉಭಯ ಕುಶಲೋಪರಿನೇ ಅಲ್ರೀ" ಅಂತ ಹಿಂದಿನಿಂದ ಯಾರೋ ಅಂದಾಗ ಎಲ್ಲರೂ ನಕ್ಕಿದ್ದೆವು. ಆ ಸಾಲು ದಾಟಿದ ಮೇಲೆ ಅಸಲಿ ವಿಷಯ: ಹುಳ ಬಿದ್ದ ಗಟ್ಟಿ ಬಿಸ್ಕತ್ತು, ಬಾರದ ಸಂಬಳ, ಕೆಸರು, ಭೇದಿ. ಗುಂಡಿಗಿಂತ ಕಾಯಿಲೆಗೆ ಸತ್ತವರೇ ಹೆಚ್ಚಾಗಿದ್ದ ಯುದ್ಧ ಅದು.

ನನ್ನನ್ನು ಹಿಡಿದು ಕೂರಿಸಿದ್ದು ಮಾತ್ರ ಅಂಚೆಯ ಸಂಗತಿ. ಉತ್ತರದ ಸರ್ಕಾರದಲ್ಲಿ ಪತ್ರಕ್ಕೆ 3 ಸೆಂಟ್‌ನ ಅಂಚೆಚೀಟಿ. ದಂಡಿನಲ್ಲಿರುವವನಿಗೆ ಚೀಟಿ ಸಿಗುವುದೇ ಕಷ್ಟ. ಅದಕ್ಕೆ 1861ರಲ್ಲೇ ಒಂದು ಕಾನೂನು ತಂದರು. ಲಕೋಟೆಯ ಮೇಲೆ 'ಸೈನಿಕನ ಪತ್ರ' ಅಂತ ಬರೆದು ಅಧಿಕಾರಿ ಸಹಿ ಹಾಕಿದರೆ ಸಾಕು, ದುಡ್ಡನ್ನು ಮನೆಯವರು ಕೊಟ್ಟು ಬಿಡಿಸಿಕೊಳ್ಳಬಹುದು. ಚೀಟಿ ಹಚ್ಚದೆ ಬರುವ ನಮ್ಮ ಬೇರಿಂಗ್ ಪತ್ರವೇ, ಆದರೆ ಡಬಲ್ ವಸೂಲಿ ಇಲ್ಲ. ಕೌಂಟರಿನಲ್ಲಿ ಬೇರಿಂಗ್ ಪತ್ರಕ್ಕಾಗಿ ಬೈಸಿಕೊಂಡ ನನಗೆ ಆ ಕಾನೂನು ಮಾಡಿದವನಿಗೆ ಕೈ ಮುಗಿಯಬೇಕು ಅನ್ನಿಸಿತು. ದಕ್ಷಿಣದವರ ಪಾಡು ಇನ್ನೂ ಬಿಗಿ. ಬಂದರುಗಳಿಗೆ ದಿಗ್ಬಂಧನ ಬಿದ್ದು ಕಾಗದವೇ ಇಲ್ಲ. ಗೋಡೆಗೆ ಅಂಟಿಸುವ ಬಣ್ಣದ ಕಾಗದವನ್ನು ತಿರುಗಿಸಿ ಮಡಚಿ ಲಕೋಟೆ ಮಾಡಿಕೊಂಡರು. ಹಾಳೆ ತುಂಬಿದರೆ ಅದನ್ನೇ ಅಡ್ಡ ಹಿಡಿದು, ಬರೆದ ಸಾಲುಗಳ ಮೇಲೆಯೇ ಮತ್ತೆ ಬರೆದವರೂ ಇದ್ದರು.

ನಮ್ಮ ಮಾಜಿ ಸುಬೇದಾರರಿಗೆ ಎರಡನೇ ಥ್ಯಾಂಕ್ಸ್. ಪತ್ರದಲ್ಲಿ ಏನು ಬರೆದಿದ್ದಾರೆ ಅಂತ ನಾವು ನೋಡುತ್ತಿದ್ದರೆ ಅವರು ಏನು ಬಿಟ್ಟಿದ್ದಾರೆ ಅಂತ ನೋಡುತ್ತಿದ್ದರು. "ಊಟ ಚಲೋ ಐತಿ ಅಂತ ಎರಡು ಸಲ ಬರದಾನ. ಅಂದ್ರ ಊಟ ಇಲ್ಲ." ಆ ಯುದ್ಧದಲ್ಲಿ ಸೈನಿಕರ ಪತ್ರಗಳನ್ನು ಮೇಲಿನವರು ತೆರೆದು ನೋಡುವ ಪದ್ಧತಿ ಇರಲಿಲ್ಲ ಅಂದಾಗ ಅವರಿಗೆ ನಂಬಿಕೆಯೇ ಬರಲಿಲ್ಲ. ಆದರೆ ಹಾಗೆ ತೆರೆದು ನೋಡಿದ್ದರೆ ಸಾರಾ ರೋಸೆಟ್ಟಾ ವೇಕ್‌ಮನ್ ಪತ್ರಗಳು ಇರುತ್ತಿರಲಿಲ್ಲ. 1862ರಲ್ಲಿ ಗಂಡಿನ ಉಡುಪು ತೊಟ್ಟು, ಲಯನ್ಸ್ ವೇಕ್‌ಮನ್ ಅಂತ ಹೆಸರು ಹೇಳಿ ನ್ಯೂಯಾರ್ಕಿನ 153ನೇ ರೆಜಿಮೆಂಟಿಗೆ ಸೇರಿದ ರೈತರ ಮಗಳು. ಮನೆಗೆ ದುಡ್ಡು ಕಳಿಸುತ್ತಾಳೆ, ಪತ್ರದ ಕೆಳಗೆ ರೋಸೆಟ್ಟಾ ಅಂತಲೇ ಸಹಿ ಹಾಕುತ್ತಾಳೆ! 1864ರ ಜೂನ್‌ನಲ್ಲಿ ನ್ಯೂ ಆರ್ಲಿಯನ್ಸ್ ಆಸ್ಪತ್ರೆಯಲ್ಲಿ ಭೇದಿಯಿಂದ ತೀರಿಕೊಂಡಳು. ಗೋರಿಕಲ್ಲಿನ ಮೇಲೆ ಇರುವುದು ಗಂಡಿನ ಹೆಸರೇ. ಮನೆಯವರು ಆ ಪತ್ರಗಳನ್ನು ಅಟ್ಟದ ಮೇಲೆ ಇಟ್ಟುಕೊಂಡಿದ್ದರು. ಇಲ್ಲದಿದ್ದರೆ ಆಕೆ ಇದ್ದಳು ಅಂತ ಯಾರಿಗೆ ಗೊತ್ತಾಗುತ್ತಿತ್ತು?

ಹಾಗಾಗಿ ಈ ಬರಹದ ದೊಡ್ಡ ನಮಸ್ಕಾರ, ನನಗೆ ಪರಿಚಯವೇ ಇಲ್ಲದ, ಸತ್ತು ನೂರು ವರ್ಷ ದಾಟಿದ ಹೆಂಗಸರಿಗೆ. ಅಮ್ಮ, ಹೆಂಡತಿ, ಅಕ್ಕತಂಗಿಯರು. ಅವರು ದಂಡಿಗೆ ಬರೆದ ಪತ್ರಗಳು ಬಹಳಷ್ಟು ಹೋಗಿಯೇ ಬಿಟ್ಟವು. ಹೆಗಲ ಮೇಲಿನ ಚೀಲದಲ್ಲಿ ಎಷ್ಟು ಅಂತ ಹೊರುವುದು? ಓದಿ ಸುಟ್ಟವರೂ ಇದ್ದರು. ಸೈನಿಕರು ಆಡಿದ ಮಾತು ಮಾತ್ರ ನಮಗೆ ಕೇಳುತ್ತದೆ, ಅದೂ ಪೆಟ್ಟಿಗೆಯಲ್ಲಿ ಎತ್ತಿಟ್ಟವರ ದಯೆಯಿಂದ. ರೋಡ್ ಐಲ್ಯಾಂಡಿನ ಮೇಜರ್ ಸಲಿವನ್ ಬಲೂ 1861ರ ಜುಲೈ 14ರಂದು ಹೆಂಡತಿ ಸಾರಾಳಿಗೆ ಬರೆದ ಪತ್ರ ಎಲ್ಲಕ್ಕಿಂತ ಪ್ರಸಿದ್ಧ. ತಾನು ಸಾಯಬಹುದು ಅಂತ ಗೊತ್ತಿದ್ದೇ ಬರೆದದ್ದು. ಒಂದು ವಾರಕ್ಕೆ ಬುಲ್ ರನ್ ಯುದ್ಧದಲ್ಲಿ ಗಾಯಗೊಂಡು, ಕೆಲವೇ ದಿನಗಳಲ್ಲಿ ತೀರಿಕೊಂಡ. ಆ ಪತ್ರ ಅಂಚೆಗೇ ಬಿದ್ದಿರಲಿಲ್ಲ. ಅವನ ಟ್ರಂಕಿನಲ್ಲಿ ಸಿಕ್ಕಿತು. ಸಾರಾಗೆ ಆಗ ಇಪ್ಪತ್ತನಾಲ್ಕೋ ಇಪ್ಪತ್ತೈದೋ. ಮತ್ತೆ ಮದುವೆಯಾಗಲಿಲ್ಲ, 1917ರವರೆಗೆ ಬದುಕಿದ್ದಳು. ಅವಳು ಅವನಿಗೆ ಬರೆದದ್ದು ಏನಿತ್ತೋ. ಇದನ್ನು ಓದಿದ ಸಂಜೆ ಚಹಾ ಆರಿಹೋಗಿತ್ತು, ಯಾರೂ ಕೇಳಲಿಲ್ಲ.

ಎಲ್ಲ ಪತ್ರಗಳನ್ನೂ ಪ್ರೀತಿಯೇ ಉಳಿಸಿತು ಅಂದರೆ ಅದು ಸುಳ್ಳು. ಮಿಸೂರಿಯ ಗುಲಾಮಗಿರಿಯಿಂದ ಬಿಡಿಸಿಕೊಂಡು ಸೈನ್ಯ ಸೇರಿದ ಸ್ಪಾಟ್ಸ್‌ವುಡ್ ರೈಸ್ 1864ರ ಸೆಪ್ಟೆಂಬರ್‌ನಲ್ಲಿ ಸೇಂಟ್ ಲೂಯಿಯ ಆಸ್ಪತ್ರೆಯಿಂದ ಎರಡು ಪತ್ರ ಬರೆದ. ಒಂದು, ಇನ್ನೂ ಗುಲಾಮರಾಗಿದ್ದ ಹೆಣ್ಣುಮಕ್ಕಳಿಗೆ: ಧೈರ್ಯವಾಗಿರಿ, ಜೀವ ಹೋದರೂ ಬಂದು ಕರೆದೊಯ್ಯುತ್ತೇನೆ ಅಂತ. ಇನ್ನೊಂದು, ಒಬ್ಬ ಮಗಳನ್ನು ಇಟ್ಟುಕೊಂಡಿದ್ದ ಒಡತಿಗೆ: ನನ್ನ ಕೂಸನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೀಯೋ ಅಷ್ಟು ದಿನ ನರಕದಲ್ಲಿ ಬೇಯುತ್ತೀಯ ಅಂತ. ಸಿಟ್ಟಿಗೆದ್ದ ಒಡತಿಯ ಅಣ್ಣತಮ್ಮಂದಿರಲ್ಲಿ ಒಬ್ಬ ಎರಡೂ ಪತ್ರಗಳನ್ನು ಸೇನಾಧಿಕಾರಿಗೆ ದೂರಿನ ಜೊತೆ ಕಳಿಸಿದ. ಸರ್ಕಾರಿ ಫೈಲಿಗೆ ಸೇರಿದ್ದರಿಂದ ಅವು ಉಳಿದವು! ಯುದ್ಧ ಮುಗಿದ ಮೇಲೆ ಆ ಸಂಸಾರ ಒಂದಾಯಿತು. ರೈಸ್ ಮುಂದೆ ಚರ್ಚಿನಲ್ಲಿ ಪಾದ್ರಿಯಾದ.

ಅದೇ ಸಂಜೆ ದಕ್ಷಿಣದ ಹುಡುಗ ಜೆರೆಮಾಯಾ ಗೇಜ್‌ನ ಪತ್ರವನ್ನೂ ಓದಿದೆವು. ಗೆಟ್ಟಿಸ್‌ಬರ್ಗ್‌ನಲ್ಲಿ, 1863ರ ಜುಲೈ 3ರಂದು, ಸಾಯುತ್ತಾ ಅಮ್ಮನಿಗೆ ಬರೆದದ್ದು. ಹಾಳೆಯ ಮೇಲೆ ಅವನ ರಕ್ತದ ಕಲೆ ಇದೆ. ಓದಿದರೆ ಗಂಟಲು ಕಟ್ಟುತ್ತದೆ, ನಿಜ. ಆದರೆ ಅವನ ಸೈನ್ಯ ಹೊಡೆದಾಡಿದ್ದು ರೈಸ್‌ನ ಮಕ್ಕಳಂಥವರು ಗುಲಾಮರಾಗಿಯೇ ಉಳಿಯಲಿ ಅಂತ. ಎರಡನ್ನೂ ಒಟ್ಟಿಗೆ ಓದೋಣ ಅಂತ ಹಟ ಹಿಡಿದ ಕಾಲೇಜು ಹುಡುಗಿಗೆ ವಿಶೇಷ ಥ್ಯಾಂಕ್ಸ್. ಬರೀ ಗೇಜ್‌ನನ್ನು ಓದಿದ್ದರೆ ಅತ್ತು ಮನೆಗೆ ಹೋಗುತ್ತಿದ್ದೆವು.

"ಅಮೆರಿಕದ ಜಗಳ ಧಾರವಾಡಕ್ಕ್ಯಾಕ್ರೀ?" ಅಂತ ಶುರುವಿನಲ್ಲಿ ಕೇಳಿದ ಹತ್ತಿ ವ್ಯಾಪಾರಿ ಸಾಹುಕಾರರೇ ಕೊನೆಗೆ ಜಾಗ ಕೊಟ್ಟರು, ಕುರ್ಚಿ ಕೊಟ್ಟರು, ಮಿರ್ಚಿ ಭಜಿಯ ಖರ್ಚೂ ಕೊಟ್ಟರು. ಅವರ ಪ್ರಶ್ನೆಗೆ ಉತ್ತರ ಅವರ ಅಂಗಡಿಯಲ್ಲೇ ಇತ್ತು. ಅಮೆರಿಕದ ದಕ್ಷಿಣದ ಬಂದರುಗಳು ಮುಚ್ಚಿ ಇಂಗ್ಲೆಂಡಿನ ಲ್ಯಾಂಕಾಷೈರಿನ ಗಿರಣಿಗಳಿಗೆ ಹತ್ತಿ ನಿಂತಾಗ ಬ್ರಿಟಿಷರ ಕಣ್ಣು ನಮ್ಮ ಎರೆಭೂಮಿಯ ಮೇಲೆ ಬಿತ್ತು. ಧಾರವಾಡ ಸೀಮೆಯ ಹತ್ತಿ ಸಾಗಿಸಲು ಕಾರವಾರ ಬಂದರು ಬೇಕು ಅಂತ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬೈ ಪ್ರಾಂತಕ್ಕೆ ಸೇರಿಸಿದರು. ಧಾರಣೆ ಗಗನಕ್ಕೆ ಏರಿತು, 1865ರಲ್ಲಿ ಯುದ್ಧ ನಿಂತದ್ದೇ ದಬಕ್ಕನೆ ಬಿತ್ತು.

ಪತ್ರಗಳನ್ನು ಪುಕ್ಕಟೆ ಓದಲು ಬಿಟ್ಟ ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ, ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ, ಹಳೆಯ ಕೈಬರಹವನ್ನು ಕೂತು ಟೈಪ್ ಮಾಡಿಕೊಟ್ಟ ಸಾಮಾನ್ಯ ಜನರಿಗೆ ನಮಸ್ಕಾರ. ನನ್ನ ಕೈಬರಹ ಟೈಪ್ ಮಾಡಿದ ಸೊಸೆಗೂ.

ಕನ್ನಡದ ಪ್ರತಿ ಬೇಕಾದವರು ಸಾಹುಕಾರರ ಅಂಗಡಿಗೆ ಬನ್ನಿ, ಝೆರಾಕ್ಸ್ ದುಡ್ಡು ಕೊಟ್ಟರೆ ಸಾಕು. ಇನ್ನೊಂದು ವಿಷಯ. ನಿಮ್ಮ ಮನೆಯಲ್ಲಿ ಅಪ್ಪನೋ ಚಿಕ್ಕಪ್ಪನೋ 1962ರಲ್ಲಿ, 1971ರಲ್ಲಿ ಗಡಿಯಿಂದ ಬರೆದ ಇನ್‌ಲ್ಯಾಂಡ್ ಪತ್ರಗಳಿದ್ದರೆ ರದ್ದಿಗೆ ಹಾಕುವ ಮೊದಲು ಸುಬೇದಾರರಿಗೆ ಒಂದು ಮಾತು ತಿಳಿಸಿ. ಮುಂದಿನ ತಿಂಗಳು ಅದನ್ನೇ ಓದೋಣ ಅಂತ ಅವರು ಆಗಲೇ ಪಟ್ಟಿ ಬರೆಯಲು ಶುರು ಮಾಡಿದ್ದಾರೆ.